ಅಡವಿಟ್ಟ ಮನೆ, ಕಂತಿನ ಗಾಡಿ: ದಿವಾಳಿ ಅರ್ಜಿಗೆ ಮೊದಲು ಹಾಕಬೇಕಾದ ಲೆಕ್ಕ

₹25 ಲಕ್ಷ ಗೃಹಸಾಲ, ಶೇ 9ರ ಬಡ್ಡಿ, 20 ವರ್ಷದ ಅವಧಿ. ತಿಂಗಳ ಕಂತು ₹22,493. ಐದು ವರ್ಷ ಒಂದು ಕಂತನ್ನೂ ತಪ್ಪಿಸದೆ ಕಟ್ಟಿದ ಕುಟುಂಬ ಬ್ಯಾಂಕಿಗೆ ಕೊಟ್ಟ ಹಣ ₹13,49,589. ಅದರಲ್ಲಿ ಬಡ್ಡಿಗೆ ಹೋದದ್ದು ₹10,67,265. ಅಸಲಿನಿಂದ ಇಳಿದದ್ದು ₹2,82,324. ಅರವತ್ತು ತಿಂಗಳ ದುಡಿಮೆಯ ನಂತರವೂ ₹22,17,676 ಬಾಕಿ ನಿಂತಿರುತ್ತದೆ. ಆರನೇ ವರ್ಷದಲ್ಲಿ ಬಿಡದಿಯ ಕಾರ್ಖಾನೆಯ ಗುತ್ತಿಗೆ ಕೆಲಸ ಹೋದರೆ, ಚನ್ನಪಟ್ಟಣದ ಅಂಗಡಿಯಲ್ಲಿ ವ್ಯಾಪಾರ ಬಿದ್ದರೆ, ಮನೆಯಲ್ಲೊಬ್ಬರು ಆಸ್ಪತ್ರೆ ಸೇರಿದರೆ, ಆ ಮನೆಯ ಲೆಕ್ಕ ಶುರುವಾಗುವುದು ಈ ₹22 ಲಕ್ಷದಿಂದ.

ಆಗ ಯಾರಾದರೂ ಹೇಳುತ್ತಾರೆ: ‘ಕೋರ್ಟಿಗೆ ದಿವಾಳಿ ಅರ್ಜಿ ಹಾಕಿಬಿಡು, ಸಾಲ ಕೊಟ್ಟವರು ಮನೆ ಹತ್ತಿರ ಬರಲ್ಲ, ಮನೆಯೂ ಉಳಿಯುತ್ತೆ, ಗಾಡಿಯೂ ಉಳಿಯುತ್ತೆ.’ ಈ ಮಾತಿನಲ್ಲಿ ಮೊದಲ ಭಾಗ ಅರ್ಧ ನಿಜ. ಮನೆ ಮತ್ತು ಗಾಡಿ ಉಳಿಯುತ್ತವೆ ಎನ್ನುವುದು, ಅವುಗಳ ಮೇಲೇ ಸಾಲ ಇರುವಾಗ, ನಿಜವಲ್ಲ. ಭಾರತದ ದಿವಾಳಿ ಕಾನೂನು ರಕ್ಷಿಸುವುದು ಅಡವಿಲ್ಲದ ಆಸ್ತಿಯನ್ನು. ಅಡವಿಟ್ಟದ್ದನ್ನು ಉಳಿಸುವುದು ಕಂತು ಅಥವಾ ಬ್ಯಾಂಕಿನ ಜೊತೆಗಿನ ಒಪ್ಪಂದ. ಈ ವ್ಯತ್ಯಾಸ ತಡವಾಗಿ ತಿಳಿಯುವುದರಿಂದಲೇ ಎಷ್ಟೋ ಕುಟುಂಬಗಳು ಉಳಿಸಿಕೊಳ್ಳಬಹುದಾಗಿದ್ದ ಮನೆಯನ್ನು ಕಳೆದುಕೊಳ್ಳುತ್ತವೆ. ಆದ್ದರಿಂದ ಇಲ್ಲಿ ಅಂಕಿಗಳನ್ನು ಬಿಡಿಸಿ ಇಡುತ್ತಿದ್ದೇನೆ. ಸಾಲದ ಮೊತ್ತ, ಬಡ್ಡಿ, ಬಾಡಿಗೆಯ ಅಂಕಿಗಳು ಮಾದರಿಗೆ ಹಿಡಿದವು. ಓದುಗರು ತಮ್ಮ ಪಾಸ್‌ಬುಕ್ಕಿನ ಅಂಕಿ ಹಾಕಿ ನೋಡಬೇಕು. ಕಾನೂನಿನ ದಿನ ಮತ್ತು ಮಿತಿಗಳು ಮಾತ್ರ ಕಾಯ್ದೆಯಲ್ಲಿ ಇರುವಂಥವು.

ಸಾವನದುರ್ಗದ ಸುತ್ತಿನ ಈ ಸೀಮೆಗೆ, ಅಂದರೆ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳಿಗೆ, ಈ ಲೆಕ್ಕ ಬೇರೆಡೆಗಿಂತ ಹೆಚ್ಚು ಬಿಗಿ. ಇಲ್ಲಿನ ಆದಾಯ ತಿಂಗಳಿಗೊಮ್ಮೆ ಬರುವುದಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಯ ದುಡ್ಡು ಬೆಳೆ ಬಂದಾಗ ಸಿಗುತ್ತದೆ. ಬೆಲೆ ಆ ದಿನದ ಹರಾಜಿನದು. ಮಾವು ವರ್ಷಕ್ಕೊಂದು ಫಸಲು. ಚನ್ನಪಟ್ಟಣದ ಬೊಂಬೆ ಕೆಲಸಗಾರರಿಗೆ ಆರ್ಡರ್ ಬಂದಾಗ ಕೂಲಿ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಬೈಪಾಸ್ ಬಂದ ಮೇಲೆ ಹಳೆ ರಸ್ತೆಯ ಬದಿಯ ಹೋಟೆಲು, ಬೊಂಬೆ ಅಂಗಡಿಗಳಿಗೆ ನಿಲ್ಲುವ ಕಾರುಗಳು ಕಡಿಮೆಯಾದವು. ಆದರೆ ಕಂತು ಮಾತ್ರ ವರ್ಷಕ್ಕೆ ಹನ್ನೆರಡು, ತಿಂಗಳ ಅದೇ ತಾರೀಕಿಗೆ. ಬೆಳೆಸಾಲ ‘ಸುಸ್ತಿ’ ಆಯಿತೇ ಎಂದು ನೋಡುವಾಗ ರಿಸರ್ವ್ ಬ್ಯಾಂಕ್ ಬೆಳೆಯ ಹಂಗಾಮನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ: ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು. ಅದೇ ರೈತನ ಮನೆಸಾಲಕ್ಕೆ, ಪಿಕಪ್ ಗಾಡಿಯ ಸಾಲಕ್ಕೆ ಈ ದಯೆ ಇಲ್ಲ. 90 ದಿನ ದಾಟಿದರೆ ಅದು ವಸೂಲಾಗದ ಸಾಲದ ಪಟ್ಟಿಗೆ ಹೋಗುತ್ತದೆ.

ಯಾವ ಕಾಯ್ದೆ, ಯಾವ ಮೊತ್ತ

2016ರ ದಿವಾಳಿ ಸಂಹಿತೆ ಬಂದಾಗ ಅದರ ಮೂರನೇ ಭಾಗದಲ್ಲಿ ವ್ಯಕ್ತಿಗಳಿಗೆ ಹೊಸ ವ್ಯವಸ್ಥೆ ಬರೆದಿಟ್ಟರು. ಆದರೆ ಅದು ಜಾರಿಯಾದದ್ದು ಒಂದೇ ಗುಂಪಿಗೆ: ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ, 2019ರ ಡಿಸೆಂಬರ್ 1ರಿಂದ. ಆ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2021ರ ಮೇ 21ರಂದು ಎತ್ತಿಹಿಡಿಯಿತು. ರೈತ, ಚಾಲಕ, ಅಂಗಡಿಯವ, ಸಂಬಳದ ನೌಕರ ಇವರಿಗೆ ಇಂದಿಗೂ ಉಳಿದಿರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಹಳೆ ಮೈಸೂರು ಸೀಮೆಗೆ ಅದನ್ನು ರಾಜ್ಯದ ಶಾಸನದ ಮೂಲಕ ವಿಸ್ತರಿಸಲಾಯಿತು. ಅರ್ಜಿ ಹೋಗುವುದು ಜಿಲ್ಲಾ ನ್ಯಾಯಾಲಯಕ್ಕೆ, ಅಥವಾ ಸರ್ಕಾರ ಅಧಿಕಾರ ಕೊಟ್ಟ ಅದರ ಕೆಳಗಿನ ನ್ಯಾಯಾಲಯಕ್ಕೆ.

ಮೂಲ ಕಾಯ್ದೆಯ ಮೊತ್ತಗಳನ್ನು ನೋಡಿದರೆ ಅದರ ವಯಸ್ಸು ಗೊತ್ತಾಗುತ್ತದೆ. ಸಾಲಗಾರ ತಾನೇ ಅರ್ಜಿ ಹಾಕಲು ಸಾಲದ ಮೊತ್ತ ₹500 ಇದ್ದರೆ ಸಾಕು. ಆಸ್ತಿಯ ಮೌಲ್ಯ ₹500 ದಾಟದಿದ್ದರೆ ಚುಟುಕು ವಿಚಾರಣೆ. ದಿವಾಳಿ ಎಂದು ಘೋಷಿತನಾದವನು ಕೋರ್ಟಿನಿಂದ ಸಾಲಗಳ ಬಿಡುಗಡೆ ಪಡೆಯುವ ಮೊದಲು ಆ ವಿಷಯ ತಿಳಿಸದೆ ₹50 ಅಥವಾ ಹೆಚ್ಚಿನ ಸಾಲ ಪಡೆದರೆ ಆರು ತಿಂಗಳವರೆಗೆ ಜೈಲು. ಇಂದು ₹50 ಎಂದರೆ ಎರಡು ಊಟದ ಬೆಲೆಯೂ ಅಲ್ಲ. ನೂರು ವರ್ಷಗಳ ಹಿಂದಿನ ವರ್ತಕನಿಗೆ ಬರೆದ ಈ ಕಾನೂನನ್ನು ಇಂದಿನ ಕುಟುಂಬದ ಮೇಲೆ ಹಾಗೆಯೇ ಬಿಟ್ಟಿರುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಘೋಷಣೆಯಾದ ದಿನ ಆಗುವುದಿಷ್ಟು: ಸಾಲಗಾರನ ಆಸ್ತಿ ನ್ಯಾಯಾಲಯಕ್ಕೆ ಅಥವಾ ಅದು ನೇಮಿಸಿದ ರಿಸೀವರ್‌ಗೆ ಸೇರುತ್ತದೆ. ಅಡವಿಲ್ಲದೆ ಸಾಲ ಕೊಟ್ಟವರು, ಅಂದರೆ ಕೈಸಾಲದವರು, ಕ್ರೆಡಿಟ್ ಕಾರ್ಡಿನವರು, ಚೀಟಿಯ ಬಾಕಿಯವರು, ಕೋರ್ಟಿನ ಅನುಮತಿ ಇಲ್ಲದೆ ಹೊಸ ದಾವೆ ಹೂಡುವಂತಿಲ್ಲ. ಬಂಧನದಿಂದ ರಕ್ಷಣೆಯ ಆದೇಶವನ್ನೂ ಕೇಳಬಹುದು. ಇಷ್ಟರ ಮಟ್ಟಿಗೆ ಬಾಗಿಲ ಮುಂದಿನ ಗದ್ದಲ ನಿಲ್ಲಬಹುದು. ಆದರೆ 28ನೇ ಸೆಕ್ಷನ್ನಿನ ಆರನೇ ಉಪವಿಭಾಗ ಸ್ಪಷ್ಟವಾಗಿದೆ: ಅಡಮಾನ ಹಿಡಿದವನು ತನ್ನ ಅಡಮಾನವನ್ನು ಮಾರಿ ಹಣ ವಸೂಲು ಮಾಡುವ ಹಕ್ಕಿಗೆ ಈ ಘೋಷಣೆಯಿಂದ ಯಾವ ತಡೆಯೂ ಇಲ್ಲ. ಮನೆಪತ್ರ ಇಟ್ಟುಕೊಂಡ ಬ್ಯಾಂಕು, ಆರ್‌ಸಿ ಪುಸ್ತಕದಲ್ಲಿ ತನ್ನ ಹೆಸರು ಬರೆಸಿಕೊಂಡ ಫೈನಾನ್ಸ್ ಕಂಪನಿ, ಇಬ್ಬರೂ ದಿವಾಳಿ ಪ್ರಕರಣದ ಹೊರಗೇ ನಿಂತು ತಮ್ಮ ಕೆಲಸ ಮುಂದುವರಿಸಬಹುದು.

ಯಾವುದು ಉಳಿಯುತ್ತದೆ

ಅದೇ 28ನೇ ಸೆಕ್ಷನ್ನು ಇನ್ನೊಂದು ಮಾತನ್ನೂ ಹೇಳುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಪ್ರಕಾರ ಜಪ್ತಿ ಮಾಡಲಾಗದ ಆಸ್ತಿ ರಿಸೀವರ್‌ಗೂ ಹೋಗುವುದಿಲ್ಲ. ಈ 60ನೇ ಸೆಕ್ಷನ್ನಿನ ಪಟ್ಟಿ ನಮ್ಮ ಹಳ್ಳಿಗಳ ಪಾಲಿಗೆ ಬಹಳ ಮುಖ್ಯ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ. ಕುಶಲಕರ್ಮಿಯ ಉಪಕರಣ; ಚನ್ನಪಟ್ಟಣದ ಬೊಂಬೆ ಕೆಲಸಗಾರನ ಪಟ್ಟಡಿ, ಉಳಿಗಳು ಇದರೊಳಗೆ ಬರುತ್ತವೆ ಎಂದು ವಾದಿಸಲು ಗಟ್ಟಿ ಆಧಾರವಿದೆ. ಬೇಸಾಯಗಾರನ ನೇಗಿಲು ನೊಗ, ಜೀವನಕ್ಕೆ ಬೇಕಾದ ದನ, ಬಿತ್ತನೆ ಬೀಜ. ಕೂಲಿಕಾರನ ಕೂಲಿ ಪೂರ್ತಿ. ಭವಿಷ್ಯನಿಧಿ. ಎಲ್ಲಕ್ಕಿಂತ ಮುಖ್ಯವಾಗಿ, ಬೇಸಾಯಗಾರ, ಕೂಲಿಕಾರ ಅಥವಾ ಮನೆಗೆಲಸದವರು ತಾವೇ ವಾಸವಿರುವ ಸ್ವಂತ ಮನೆ, ಅದರ ನಿವೇಶನ ಮತ್ತು ಹೊಂದಿಕೊಂಡ ಜಾಗ.

ಸಂಬಳದವರಿಗೆ ಬೇರೆ ಲೆಕ್ಕ. ಮೊದಲ ₹1,000 ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲನ್ನು ಮುಟ್ಟುವಂತಿಲ್ಲ. ₹25,000 ಸಂಬಳವಿದ್ದರೆ ₹1,000 ಮತ್ತು ₹24,000ದಲ್ಲಿ ₹16,000, ಒಟ್ಟು ₹17,000 ಸುರಕ್ಷಿತ. ಜಪ್ತಿಗೆ ಸಿಗುವುದು ₹8,000. ಅದೂ ಕೊನೆಯಿಲ್ಲದೆ ಅಲ್ಲ: ಒಟ್ಟು 24 ತಿಂಗಳು ಜಪ್ತಿ ನಡೆದ ಮೇಲೆ 12 ತಿಂಗಳು ವಿರಾಮ, ಆ ನಂತರ ಅದೇ ಡಿಕ್ರಿಗೆ ಮತ್ತೆ ಜಪ್ತಿ ಇಲ್ಲ. ಎಂದರೆ ಕೈಸಾಲ ಕೊಟ್ಟವನು ಕೋರ್ಟಿಗೆ ಹೋಗಿ ಗೆದ್ದರೂ ಒಂದು ಡಿಕ್ರಿಯಡಿ ಈ ಸಂಬಳದಿಂದ ಹೆಚ್ಚೆಂದರೆ ₹1,92,000 ಪಡೆಯಬಲ್ಲ.

ಈಗ ಒಂದು ಸಾಮಾನ್ಯ ಪ್ರಸಂಗವನ್ನು ಅಂಕಿಯಲ್ಲಿ ನೋಡೋಣ, ಏಕೆಂದರೆ ಈ ಲೇಖನದ ತಿರುಳು ಇಲ್ಲಿದೆ. ಮಾಗಡಿ ತಾಲ್ಲೂಕಿನ ಒಬ್ಬ ಬೇಸಾಯಗಾರನಿಗೆ ಸ್ವಂತ ಮನೆ ಇದೆ, ಮನೆ ಮೇಲೆ ಸಾಲವಿಲ್ಲ. ಕೈಸಾಲ, ಸಂಘದ ಸಾಲ ಸೇರಿ ₹8 ಲಕ್ಷ ಆಗಿದೆ. ಕೈಸಾಲದ ಬಡ್ಡಿ ನೂರಕ್ಕೆ ಐದು, ಅಂದರೆ ವರ್ಷಕ್ಕೆ ಶೇ 60. ಎಲ್ಲವೂ ಆ ದರದಲ್ಲಿದ್ದರೆ ಬಡ್ಡಿಯೇ ತಿಂಗಳಿಗೆ ₹40,000. ಆಗ ಏಜೆಂಟನೊಬ್ಬ ಬಂದು, ಮನೆಯ ಇ-ಸ್ವತ್ತು ಕಾಗದ ಕೊಡಿ, ₹8 ಲಕ್ಷ ಕೊಡಿಸುತ್ತೇನೆ, ಶೇ 16 ಬಡ್ಡಿ, 10 ವರ್ಷ ಎನ್ನುತ್ತಾನೆ. ಕಂತು ₹13,401. ತಿಂಗಳಿಗೆ ₹26,600 ಉಳಿತಾಯ ಕಣ್ಣಿಗೆ ಕಾಣುತ್ತದೆ. ಯಾರಾದರೂ ಸಹಿ ಹಾಕುತ್ತಾರೆ.

ಆದರೆ ಆ ಸಹಿಯಿಂದ ಬದಲಾದದ್ದು ಬಡ್ಡಿ ಮಾತ್ರವಲ್ಲ. ಸಹಿಗೆ ಮೊದಲು ಸಾಲ ಕೊಟ್ಟ ಯಾರಿಗೂ ಕಾನೂನಿನ ದಾರಿಯಲ್ಲಿ ಆ ಮನೆಯನ್ನು ಹರಾಜಿಗೆ ಇಡಲಾಗುತ್ತಿರಲಿಲ್ಲ. ಸಹಿಯ ನಂತರ ಇಡಬಹುದು. ಅಡಮಾನದ ಡಿಕ್ರಿಯಲ್ಲಿ ಜಪ್ತಿಯ ಹಂತವೇ ಇಲ್ಲ, ನೇರ ಮಾರಾಟ. ಆದ್ದರಿಂದ 60ನೇ ಸೆಕ್ಷನ್ನಿನ ಆಸರೆ ಸಿಗದು. ಕೋರ್ಟಿಗೆ ಹೋಗದೆಯೇ ಒತ್ತೆ ಮಾರುವ ಅಧಿಕಾರವನ್ನು ಬ್ಯಾಂಕಿಗೆ ಕೊಡುವ 2002ರ ಸರ್ಫೇಸಿ ಕಾಯ್ದೆಯ 31ನೇ ಸೆಕ್ಷನ್ ಜಪ್ತಿ ಮಾಡಲಾಗದ ಆಸ್ತಿಗೆ ವಿನಾಯಿತಿ ಕೊಟ್ಟರೂ, ಆ ಸಾಲಕ್ಕೆಂದೇ ಒತ್ತೆಯಾಗಿ ಬರೆದುಕೊಟ್ಟ ಆಸ್ತಿಯನ್ನು ಆ ವಿನಾಯಿತಿಯಿಂದ ಹೊರಗಿಟ್ಟಿದೆ. ಹತ್ತು ವರ್ಷದಲ್ಲಿ ಕಟ್ಟುವ ಒಟ್ಟು ಮೊತ್ತ ₹16 ಲಕ್ಷ ದಾಟುತ್ತದೆ. ಮಧ್ಯದಲ್ಲಿ ಎರಡು ಫಸಲು ಕೈಕೊಟ್ಟರೆ ಹೋಗುವುದು ಮನೆ.

ಹಾಗಾದರೆ ಈ ಸಾಲ ಎಂದೂ ಬೇಡವೇ? ತಿಂಗಳಿಗೆ ₹13,401 ನಿಶ್ಚಿತವಾಗಿ ಬರುವ ಮೂಲ, ಹಾಲಿನ ದುಡ್ಡೋ, ಮಗನ ಸಂಬಳವೋ, ಇದ್ದರೆ ಈ ಬದಲಾವಣೆಯಲ್ಲಿ ಲಾಭವಿದೆ. ಇಲ್ಲದಿದ್ದರೆ ಕೈಸಾಲದವರ ಜೊತೆ ಕೂತು ಮಾತನಾಡುವುದೇ ಮೇಲು. ಮಾತನಾಡಲು ಕಾನೂನಿನ ಬಲವೂ ಇದೆ. ಕರ್ನಾಟಕ ಲೇವಾದೇವಿದಾರರ ಕಾಯ್ದೆ, 1961ರಡಿ ಬಡ್ಡಿಯ ಮಿತಿ ಅಡವಿದ್ದರೆ ಶೇ 14, ಇಲ್ಲದಿದ್ದರೆ ಶೇ 16. ಮೀಟರ್ ಬಡ್ಡಿಯ ವಿರುದ್ಧ 2004ರ ಅತಿಬಡ್ಡಿ ನಿಷೇಧ ಕಾಯ್ದೆ ಇದೆ. ₹1 ಲಕ್ಷಕ್ಕೆ ವರ್ಷಕ್ಕೆ ₹60,000 ಕೇಳುವವನು ನ್ಯಾಯಾಲಯದಲ್ಲಿ ₹16,000ಕ್ಕಿಂತ ಹೆಚ್ಚು ಕೇಳಲಾರ.

ಗಾಡಿಯ ಲೆಕ್ಕ

ಗಾಡಿಯ ವಿಷಯದಲ್ಲಿ ಮನಸ್ಸು ಗಟ್ಟಿ ಮಾಡಿ ಕೇಳಿಕೊಳ್ಳಬೇಕಾದ ಪ್ರಶ್ನೆ, ಅದು ತನ್ನ ಕಂತನ್ನು ತಾನೇ ದುಡಿಯುತ್ತಿದೆಯೇ ಎಂಬುದು.

₹6 ಲಕ್ಷ ಸಾಲದ ಪಿಕಪ್, ಶೇ 12, 60 ತಿಂಗಳು: ಕಂತು ₹13,347. ಎರಡು ವರ್ಷ ಕಟ್ಟಿದ ಮೇಲೆ ಬಾಕಿ ಅಸಲು ₹4,01,835. ಮಾವು, ತರಕಾರಿ, ಗೂಡು ಹೊತ್ತು ಬೆಂಗಳೂರಿಗೋ ರಾಮನಗರಕ್ಕೋ ಹೋಗಿ ಬರುವ ಈ ಗಾಡಿ ಡೀಸೆಲ್ ಕಳೆದು ದಿನಕ್ಕೆ ₹900 ಉಳಿಸುತ್ತದೆ ಎಂದು ಹಿಡಿಯೋಣ. ಟೈರು, ವಿಮೆ, ರಿಪೇರಿಗೆ ತಿಂಗಳಿಗೆ ₹4,000 ಎತ್ತಿಡಬೇಕು. 22 ದಿನ ಬಾಡಿಗೆ ಸಿಕ್ಕರೆ ₹19,800 ಬಂದು, ಕಂತು ಮತ್ತು ಎತ್ತಿಟ್ಟದ್ದು ಕಳೆದು ₹2,453 ಉಳಿಯುತ್ತದೆ. 16 ದಿನ ಸಿಕ್ಕರೆ ₹14,400, ₹2,947 ಕೊರತೆ. ಸರಿದೂಗಲು ಬೇಕಾದದ್ದು ತಿಂಗಳಿಗೆ 20 ದಿನದ ಬಾಡಿಗೆ. ಅದಕ್ಕಿಂತ ಕೆಳಗೆ ಮೂರು ತಿಂಗಳು ಸತತವಾಗಿ ಇಳಿದರೆ ಗಾಡಿ ಮನೆಯನ್ನು ಸಾಕುತ್ತಿಲ್ಲ, ಮನೆ ಗಾಡಿಯನ್ನು ಸಾಕುತ್ತಿದೆ.

ಹೀಗಾದಾಗ ಹೆಚ್ಚಿನವರು ಮಾಡುವುದು ಕಂತು ಕಟ್ಟಲು ಕೈಸಾಲ ತರುವುದು. ಮೂರು ಕಂತಿಗೆ ₹40,041. ಅದನ್ನು ನೂರಕ್ಕೆ ಐದರ ಬಡ್ಡಿಗೆ ತಂದರೆ ತಿಂಗಳಿಗೆ ₹2,002 ಬಡ್ಡಿ ಸೇರಿಕೊಳ್ಳುತ್ತದೆ. ಸರಿದೂಗುವ ದಿನಗಳು 20ರಿಂದ 22ಕ್ಕೆ ಏರುತ್ತವೆ. ಬಾಡಿಗೆ 16 ದಿನವೇ ಸಿಗುತ್ತಿದ್ದವನಿಗೆ ಗುರಿ ಇನ್ನೂ ದೂರ ಸರಿಯಿತು. ಶೇ 12ರ ಸಾಲವನ್ನು ಉಳಿಸಲು ಶೇ 60ರ ಸಾಲ ತರುವುದು ಸೋರುವ ಕೊಡ ತುಂಬಿಸಲು ಬಾವಿ ತೋಡಿದಂತೆ. ಆ ಹಂತದಲ್ಲಿ ಗಾಡಿಯನ್ನು ತಾನೇ ಮಾರುವುದು ಉತ್ತಮ. ಫೈನಾನ್ಸ್ ಕಂಪನಿಯಿಂದ ಬಾಕಿಯ ಲೆಕ್ಕ ಲಿಖಿತವಾಗಿ ಪಡೆದು, ಕೊಳ್ಳುವವನಿಂದ ನೇರ ಆ ಖಾತೆಗೆ ಕಟ್ಟಿಸಿ, ಆರ್‌ಸಿಯಲ್ಲಿರುವ ಕಂಪನಿಯ ಹೆಸರು ತೆಗೆಸಬೇಕು. ಸ್ವಂತ ಮಾರಾಟದಲ್ಲಿ ₹4 ಲಕ್ಷ ಬಂದರೆ ಬಾಕಿ ಬಹುತೇಕ ತೀರಿತು. ಅದೇ ಗಾಡಿ ಸೀಜ್ ಆಗಿ ಯಾರ್ಡಿನಲ್ಲಿ ನಿಂತು ₹3 ಲಕ್ಷಕ್ಕೆ ಹರಾಜಾಗಿ, ವಶಪಡಿಕೆ ಮತ್ತು ಯಾರ್ಡ್ ಖರ್ಚೆಂದು ₹15,000 ಸೇರಿದರೆ, ಗಾಡಿಯೂ ಇಲ್ಲ, ಮೇಲೆ ₹1,16,835 ಸಾಲ. ಇನ್ನೊಬ್ಬನಿಗೆ ಬಾಯಿಮಾತಿನಲ್ಲಿ ಗಾಡಿ ಕೊಟ್ಟು ‘ಮಿಕ್ಕ ಕಂತು ನೀನೇ ಕಟ್ಟಿಕೋ’ ಎನ್ನುವ ರೂಢಿ ಮಾತ್ರ ಖಂಡಿತ ಬೇಡ. ಅವನು ಕಟ್ಟದಿದ್ದರೆ ನೋಟಿಸು ಬರುವುದು ಆರ್‌ಸಿಯಲ್ಲಿ ಹೆಸರಿದ್ದವನಿಗೆ.

ಗಾಡಿ ಎತ್ತಿಕೊಂಡು ಹೋಗುವುದಕ್ಕೂ ಕ್ರಮವಿದೆ. ವಶಕ್ಕೆ ಪಡೆಯುವ ಮುಂಚಿನ ನೋಟಿಸಿನ ಅವಧಿ, ವಶಪಡಿಕೆಯ ವಿಧಾನ, ಮಾರುವ ಮುನ್ನ ಕಟ್ಟಲು ಕೊನೆಯ ಅವಕಾಶ, ಕಟ್ಟಿದರೆ ಹಿಂತಿರುಗಿಸುವ ರೀತಿ, ಇವೆಲ್ಲ ಸಾಲಪತ್ರದಲ್ಲೇ ಬರೆದಿರಬೇಕು ಎಂದು ರಿಸರ್ವ್ ಬ್ಯಾಂಕ್ 2009ರಲ್ಲೇ ಫೈನಾನ್ಸ್ ಕಂಪನಿಗಳಿಗೆ ಹೇಳಿದೆ. ವಸೂಲಿಯ ಕರೆಗಳು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಬರಕೂಡದು. ಗೂಂಡಾಗಳನ್ನು ಕಳಿಸಿ ಗಾಡಿ ಕಿತ್ತುಕೊಳ್ಳುವುದನ್ನು ಸುಪ್ರೀಂ ಕೋರ್ಟ್ 2007ರ ಐಸಿಐಸಿಐ ಬ್ಯಾಂಕ್–ಪ್ರಕಾಶ್ ಕೌರ್ ತೀರ್ಪಿನಲ್ಲಿ ಕಟುವಾಗಿ ಖಂಡಿಸಿದೆ. ಸರ್ಫೇಸಿ ಅಧಿಕಾರ ಬಳಸಲು ಫೈನಾನ್ಸ್ ಕಂಪನಿಗೆ ಸಾಲದ ಮೊತ್ತ ₹20 ಲಕ್ಷವಾದರೂ ಇರಬೇಕು. ಆದ್ದರಿಂದ ₹6 ಲಕ್ಷದ ಪಿಕಪ್ಪಿಗೆ ಕಂಪನಿ ಒಪ್ಪಂದ, ಮಧ್ಯಸ್ಥಿಕೆ ಅಥವಾ ಕೋರ್ಟಿನ ದಾರಿಯನ್ನೇ ಹಿಡಿಯಬೇಕು. ಬ್ಯಾಂಕಿಗಾದರೆ ಸಾಲ ₹1 ಲಕ್ಷ ದಾಟಿದರೆ ಸಾಕು.

ಮನೆಯ 180 ದಿನ

ಮನೆಯ ವಿಷಯದಲ್ಲಿ ಕಾಲವೇ ಬಂಡವಾಳ. ಕಂತು ತಪ್ಪಿ 90 ದಿನ ದಾಟಿದ ಮೇಲೆ ಸಾಲ ವಸೂಲಾಗದ ಪಟ್ಟಿಗೆ. ನಂತರ ಸರ್ಫೇಸಿ 13(2)ರ ನೋಟಿಸು, ಅದಕ್ಕೆ 60 ದಿನ. ಸಾಲಗಾರ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನದೊಳಗೆ ಉತ್ತರಿಸಬೇಕು. ಬಳಿಕ ಸ್ವಾಧೀನ, ಆಮೇಲೆ 30 ದಿನದ ಹರಾಜು ನೋಟಿಸು. ಎಲ್ಲವೂ ಎಡೆಬಿಡದೆ ನಡೆದರೂ 90, 60, 30 ಸೇರಿ ಕನಿಷ್ಠ 180 ದಿನ. ಆಕ್ಷೇಪವಿದ್ದರೆ ಸ್ವಾಧೀನದ ಕ್ರಮದಿಂದ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು.

ಈ ಆರು ತಿಂಗಳಲ್ಲಿ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ. ಮೊದಲ 90 ದಿನದಲ್ಲಿ ಬೇಕಾದದ್ದು ಮೂರು ಕಂತು, ₹67,479. ಆ ಬಳಿಕ ಖಾತೆ ಮತ್ತೆ ಸರಿಯಾಗಬೇಕಾದರೆ ತಪ್ಪಿದ ಎಲ್ಲ ಕಂತುಗಳ ಅಸಲು ಬಡ್ಡಿ ಎರಡನ್ನೂ ಪೂರ್ತಿ ಕಟ್ಟಬೇಕು. ಸ್ವಲ್ಪ ಕಟ್ಟಿದರೆ ಸಾಲದು ಎಂದು 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಿದೆ. ನೋಟಿಸು ಬಂದ ಮೇಲೆ ಬ್ಯಾಂಕು ಇಡೀ ಸಾಲವನ್ನೇ ಕೇಳಬಹುದು, ಅಂದರೆ ₹22 ಲಕ್ಷಕ್ಕೂ ಮೇಲೆ. 2016ರ ತಿದ್ದುಪಡಿಯ ನಂತರ ಅದನ್ನು ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ. ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 21ರಂದು ಇದನ್ನೇ ಖಚಿತಗೊಳಿಸಿತು. ಹರಾಜಿನ ಹಿಂದಿನ ದಿನ ನೆಂಟರು ಹಣ ಹೊಂದಿಸಿ ತಂದರೆ ಬ್ಯಾಂಕು ಅದನ್ನು ತೆಗೆದುಕೊಳ್ಳಲೇಬೇಕೆಂದಿಲ್ಲ. ಇದನ್ನು ತಿಳಿಯದೆ ಕೊನೆಯ ವಾರದವರೆಗೆ ಕಾಯುವವರು ಬಹಳ.

ಕಂತು ಇಳಿಸಿಕೊಡಿ ಎಂದು ಬ್ಯಾಂಕನ್ನು ಕೇಳುವುದು ನಾಚಿಕೆಯ ಸಂಗತಿಯಲ್ಲ. ಆದರೆ ಎಷ್ಟು ಇಳಿಯುತ್ತದೆ ಎಂದು ತಿಳಿದು ಕೇಳಬೇಕು. ಮೊದಲಿನ ಮಾದರಿಯಲ್ಲಿ ಬಾಕಿ ₹22,17,676, ಉಳಿದ ಅವಧಿ 15 ವರ್ಷ. ಅದನ್ನು 20 ವರ್ಷಕ್ಕೆ ಎಳೆದರೆ ಕಂತು ₹19,953. ತಿಂಗಳಿಗೆ ಉಳಿಯುವುದು ₹2,540, ಒಟ್ಟಾರೆ ಹೆಚ್ಚು ಕಟ್ಟುವುದು ₹7,39,980. ಇಪ್ಪತ್ತೈದಕ್ಕೆ ಎಳೆದರೆ ಕಂತು ₹18,611. ಉಳಿಯುವುದು ₹3,882, ಹೆಚ್ಚು ಕಟ್ಟುವುದು ₹15,34,560. ಆರು ತಿಂಗಳು ಕಂತು ಬೇಡವೆಂದು ಬಿಡುವು ಪಡೆದರೆ ಬಡ್ಡಿ ಅಸಲಿಗೆ ಸೇರಿ ಬಾಕಿ ₹1,01,685 ಏರುತ್ತದೆ. ನನ್ನ ದೃಷ್ಟಿಯಲ್ಲಿ, ಕೆಲಸ ಹೋಗಿ ಮತ್ತೆ ಸಿಗುವ ಭರವಸೆ ಇರುವವರಿಗೆ ಈ ಮೂರರಲ್ಲಿ ಆರು ತಿಂಗಳ ಬಿಡುವೇ ಅಗ್ಗ. ಅವಧಿ ಎಳೆಯುವುದು ಆದಾಯ ಶಾಶ್ವತವಾಗಿ ಇಳಿದವರಿಗೆ ಮಾತ್ರ ಹೊಂದುತ್ತದೆ.

ಕೃಷಿ ಜಮೀನಿನ ಬಗ್ಗೆ ಒಂದು ಮಾತು. ಅದರ ಮೇಲಿನ ಒತ್ತೆಗೆ ಸರ್ಫೇಸಿ ಅನ್ವಯಿಸುವುದಿಲ್ಲ. ಬ್ಯಾಂಕು ಬೇರೆ ಕಾನೂನುಗಳಡಿ ಹೋಗಬೇಕು. ಆದರೆ ಪಹಣಿಯಲ್ಲಿ ಬರೆದಿರುವುದೊಂದೇ ಸಾಕಾಗದು, ನೆಲ ನಿಜಕ್ಕೂ ಬೇಸಾಯದಲ್ಲಿದೆಯೇ ಎಂಬುದನ್ನು ಸಾಕ್ಷ್ಯದಿಂದ ನೋಡಬೇಕು ಎಂದು ಸುಪ್ರೀಂ ಕೋರ್ಟ್ 2018ರ ಪಪ್ಪಿರೆಡ್ಡಿಯಾರ್ ಪ್ರಕರಣದಲ್ಲಿ ಹೇಳಿದೆ. ಬಿಡದಿ, ಮಾಗಡಿ ರಸ್ತೆಗಳ ಬದಿಯಲ್ಲಿ ಭೂಪರಿವರ್ತನೆ ಮಾಡಿಸಿ ಕಲ್ಲು ನೆಟ್ಟ ಹೊಲಗಳ ಮಾಲೀಕರು ಸಾಲ ಮಾಡುವ ಮುನ್ನ ಇದನ್ನು ಯೋಚಿಸಬೇಕು.

ಮನೆಯ ಬೆಲೆ ಸಾಲಕ್ಕಿಂತ ಹೆಚ್ಚಿದ್ದರೆ ದಿವಾಳಿ ಅರ್ಜಿಯಿಂದ ನಷ್ಟವೇ ಹೆಚ್ಚು. ₹40 ಲಕ್ಷದ ಮನೆ, ₹22,17,676 ಬಾಕಿ: ನಡುವಿನ ₹17,82,324 ಕುಟುಂಬದ್ದು. ದಿವಾಳಿಯಾದರೆ ಆ ಹಣ ರಿಸೀವರ್ ಮೂಲಕ ಸಾಲ ಕೊಟ್ಟ ಉಳಿದವರಿಗೆ ಹಂಚಿಕೆಯಾಗುತ್ತದೆ. ಹರಾಜಿನಲ್ಲಿ ಗೆದ್ದವನು ಶೇ 25ನ್ನು ತಕ್ಷಣ, ಉಳಿದದ್ದನ್ನು 15 ದಿನದಲ್ಲಿ ಕಟ್ಟಬೇಕಾಗಿರುವುದರಿಂದ ಕೈಯಲ್ಲಿ ರೊಕ್ಕ ಇರುವವರಷ್ಟೇ ಬರುತ್ತಾರೆ, ಬೆಲೆ ಇಳಿಯುತ್ತದೆ. ಅದಕ್ಕಿಂತ ಬ್ಯಾಂಕಿನ ಒಪ್ಪಿಗೆ ಪಡೆದು ತಾವೇ ಮಾರಿ, ಸಾಲ ತೀರಿಸಿ, ಉಳಿದದ್ದರಲ್ಲಿ ಚಿಕ್ಕ ಮನೆ ನೋಡುವುದು ಲೇಸು. ಸಾಲ ತೀರಿ 30 ದಿನದಲ್ಲಿ ಮೂಲಪತ್ರ ಹಿಂದಿರುಗಿಸದಿದ್ದರೆ ಬ್ಯಾಂಕು ದಿನಕ್ಕೆ ₹5,000 ಕೊಡಬೇಕು; 2023ರ ಡಿಸೆಂಬರ್ 1ರಿಂದ ಇದು ನಿಯಮ.

ಮನೆಯನ್ನು ಹೆಂಡತಿಯ ಹೆಸರಿಗೆ, ಗಾಡಿಯನ್ನು ಭಾಮೈದನ ಹೆಸರಿಗೆ ಮಾಡಿ ಆಮೇಲೆ ಅರ್ಜಿ ಹಾಕುವ ಸಲಹೆಯೂ ಊರಲ್ಲಿ ಓಡಾಡುತ್ತದೆ. 1920ರ ಕಾಯ್ದೆಯಲ್ಲಿ, ಅರ್ಜಿಗೆ ಹಿಂದಿನ ಎರಡು ವರ್ಷದಲ್ಲಿ ಬೆಲೆ ಪಡೆಯದೆ ಮಾಡಿದ ವರ್ಗಾವಣೆಯನ್ನೂ, ಮೂರು ತಿಂಗಳಲ್ಲಿ ಸಾಲ ಕೊಟ್ಟ ಒಬ್ಬನಿಗೆ ಮಾತ್ರ ಒಲವು ತೋರಿಸಿ ಕೊಟ್ಟದ್ದನ್ನೂ ರದ್ದು ಮಾಡಿಸಬಹುದು. ಬಿಡುಗಡೆಯೂ ಸುಲಭವಲ್ಲ: ಅಡವಿಲ್ಲದ ಸಾಲಗಳ ರೂಪಾಯಿಗೆ ಎಂಟಾಣೆಯಷ್ಟಾದರೂ ಆಸ್ತಿ ಇಲ್ಲದಿದ್ದರೆ, ಅದು ತನ್ನ ತಪ್ಪಿನಿಂದ ಆದದ್ದಲ್ಲ ಎಂದು ಸಾಲಗಾರನೇ ತೋರಿಸಬೇಕು. ಬಿಡುಗಡೆಯಾದರೂ ಜಾಮೀನು ಹಾಕಿದ ಅಣ್ಣ, ಜೊತೆ ಸಹಿ ಮಾಡಿದ ಹೆಂಡತಿ ಬಿಡುಗಡೆಯಾಗುವುದಿಲ್ಲ. ಸರ್ಕಾರದ ಬಾಕಿಯೂ ಹೋಗುವುದಿಲ್ಲ. ಬಿಡುಗಡೆ ಆಗದವರಿಗೆ ಶಾಸಕರಾಗುವ, ಸ್ಥಳೀಯ ಸಂಸ್ಥೆಗೆ ಆಯ್ಕೆಯಾಗುವ ಅರ್ಹತೆ ಇಲ್ಲ.

ಹಾಗಿದ್ದರೂ ದಿವಾಳಿ ಅರ್ಜಿಗೆ ಒಂದು ಕಾಲವಿದೆ. ಗಾಡಿ ಹೋಗಿ ₹1,16,835 ಉಳಿದಾಗ ಆ ಮೊತ್ತ ಅಡವಿಲ್ಲದ ಸಾಲವಾಗುತ್ತದೆ. ಕೈಸಾಲ, ಕಾರ್ಡಿನ ಬಾಕಿ ಜೊತೆ ಅದನ್ನೂ ಪಟ್ಟಿಗೆ ಸೇರಿಸಿ ಬಿಡುಗಡೆ ಕೇಳಬಹುದು. ಅಡವಿಡದ ಸ್ವಂತ ಮನೆಯಿರುವ ಬೇಸಾಯಗಾರನಿಗೆ, ತೀರಿಸಲಾಗದ ಕೈಸಾಲ ಮಾತ್ರ ಇದ್ದರೆ, ಈ ಹಳೆಯ ಕಾಯ್ದೆ ನಿಜವಾಗಿ ಆಸರೆಯಾಗಬಲ್ಲದು. ಸಾಲ ಕೊಟ್ಟವರ ಸಂಖ್ಯೆಯಲ್ಲಿ ಬಹುಮತ, ಮೊತ್ತದಲ್ಲಿ ನಾಲ್ಕರಲ್ಲಿ ಮೂರು ಪಾಲು ಒಪ್ಪಿದರೆ ರಾಜಿ ಯೋಜನೆಗೂ ಅದರಲ್ಲಿ ಜಾಗವಿದೆ.

ಅಮೆರಿಕದಲ್ಲಿ ದಿವಾಳಿ ಕಾನೂನಿನ 13ನೇ ಅಧ್ಯಾಯದಡಿ ಅರ್ಜಿ ಹಾಕಿದ ದಿನವೇ ಮನೆ ಹರಾಜು ನಿಲ್ಲುತ್ತದೆ; ಹಳೆ ಬಾಕಿಯನ್ನು ಮೂರರಿಂದ ಐದು ವರ್ಷಕ್ಕೆ ಹಂಚಿ, ಚಾಲ್ತಿ ಕಂತನ್ನು ಕಟ್ಟುತ್ತಾ ಮನೆಯಲ್ಲೇ ಇರಬಹುದು. ನಮ್ಮ ಮಾದರಿಯ ಮೂರು ಕಂತಿನ ₹67,479 ಅಲ್ಲಾಗಿದ್ದರೆ 60 ತಿಂಗಳಿಗೆ ತಿಂಗಳಿಗೆ ₹1,125 ಆಗುತ್ತಿತ್ತು. ನಮ್ಮ 2016ರ ಸಂಹಿತೆಯ ಮೂರನೇ ಭಾಗ ಎಲ್ಲರಿಗೂ ಜಾರಿಯಾದರೂ ಇದು ಸಿಗುವುದು ಕಷ್ಟ. ಅದರ ‘ಹೊಸ ಆರಂಭ’ಕ್ಕೆ ವರ್ಷದ ಆದಾಯ ₹60,000, ಆಸ್ತಿ ₹20,000, ಸಾಲ ₹35,000 ಮೀರಬಾರದು, ಸ್ವಂತ ಮನೆ ಇರಲೇಬಾರದು. ಅದರ ವಿನಾಯಿತಿ ಪಟ್ಟಿಯಲ್ಲಿರುವ ಉಪಕರಣ, ವಾಹನ, ಮನೆ ಎಲ್ಲಕ್ಕೂ ಸಾಲದ ಹೊರೆ ಇಲ್ಲದಿರಬೇಕೆಂಬ ಷರತ್ತಿದೆ. ಜಾಮೀನುದಾರರ ನಿಯಮಗಳಲ್ಲಿ ಮನೆಯ ಮಿತಿ ನಗರದಲ್ಲಿ ₹20 ಲಕ್ಷ, ಹಳ್ಳಿಯಲ್ಲಿ ₹10 ಲಕ್ಷ.

ಕಿರುಸಾಲದ ಕಿರುಕುಳ ತಡೆಗೆ ರಾಜ್ಯ ಸರ್ಕಾರ 2025ರ ಫೆಬ್ರುವರಿ 12ರಂದು ಸುಗ್ರೀವಾಜ್ಞೆಯಾಗಿ ತಂದು, ಆಮೇಲೆ ಕಾಯ್ದೆಯಾಗಿಸಿದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ ಇದೆ. ಅದು ನೋಂದಣಿ ಇಲ್ಲದ ಲೇವಾದೇವಿಯ ಮೇಲೆ ಬಲವಾದ ಅಸ್ತ್ರ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಬ್ಯಾಂಕು, ಫೈನಾನ್ಸ್ ಕಂಪನಿಗಳು ಅದರ ಹೊರಗಿವೆ. ಮನೆ, ಗಾಡಿಯ ಸಾಲ ಹೆಚ್ಚಾಗಿ ಅವರದ್ದೇ. ಅವರ ಕಿರುಕುಳಕ್ಕೆ ಮೊದಲು ಅವರಿಗೇ ಲಿಖಿತ ದೂರು, 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್, ಅದಕ್ಕೆ ಶುಲ್ಕವಿಲ್ಲ.

ವಕೀಲರ ಖರ್ಚಿಗೆ ಹೆದರಬೇಕಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ, ಉಳಿದವರಿಗೆ ಮಿತಿಯೊಳಗಿದ್ದರೆ, ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ದಾವೆಗೆ ಮುಂಚೆಯೇ ಲೋಕ ಅದಾಲತ್ತಿನಲ್ಲಿ ಬ್ಯಾಂಕನ್ನು ಕರೆಸಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿನ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ. ಹೋಗುವಾಗ ಸಾಲದ ಖಾತೆಯ ಪೂರ್ತಿ ವಿವರ, ಸಾಲಪತ್ರದ ಪ್ರತಿ, ಆರು ತಿಂಗಳ ಆದಾಯದ ಚೀಟಿ, ಮತ್ತು ಪ್ರತಿ ತಿಂಗಳು ನಿಜವಾಗಿ ಎಷ್ಟು ಕಟ್ಟಬಲ್ಲಿರಿ ಎಂಬ ಒಂದೇ ಅಂಕಿಯನ್ನು ಬರೆದುಕೊಂಡು ಹೋಗಿ. 90 ದಿನದ ಒಳಗೆ ಹೋದರೆ ಆ ಅಂಕಿ ₹67,479ರ ಮುಂದೆ ಕೂತು ಮಾತನಾಡುತ್ತದೆ, ನೋಟಿಸು ಬಂದ ಮೇಲೆ ₹22 ಲಕ್ಷದ ಮುಂದೆ.